ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ: ಕೊಪ್ಪಳ ಸೀಮೆಯ ತೊಗಲುಗೊಂಬೆಯಾಟದಲ್ಲಿ ಹಾಸ್ಯಗೀತೆಯ ಜೋಡಿ

ತೊಗಲುಗೊಂಬೆಯಾಟದ ಪರದೆಯ ಮೇಲೆ ಕಥಾನಾಯಕರಾದ ರಾಮಲಕ್ಷ್ಮಣರು ಮೊದಲಿಗೆ ಕಾಣಿಸಿಕೊಳ್ಳುವುದಿಲ್ಲ. ಗಣಪತಿ ಮತ್ತು ಸರಸ್ವತಿಯರ ಸ್ತುತಿ ಮುಗಿದು ಆ ಗೊಂಬೆಗಳು ಪರದೆಯಿಂದ ಸರಿದ ಮೇಲೆ ಕಪ್ಪು ಮೈಯ, ಡೊಳ್ಳುಹೊಟ್ಟೆಯ, ದಪ್ಪ ತುಟಿಯ ಒಬ್ಬ ಕೈಕಾಲು ಕುಣಿಸುತ್ತ ಬರುತ್ತಾನೆ. ಅವನೇ ಕಿಳ್ಳೇಕ್ಯಾತ. ಅವನ ಬೆನ್ನಿಗೆ ಅವನ ಹೆಂಡತಿ ಬಂಗಾರಕ್ಕ ಬರುತ್ತಾಳೆ. ಇಬ್ಬರೂ ಹಾಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಹಾಡುತ್ತಾರೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಆರಂಭವಾಯಿತು ಎಂಬುದನ್ನು ಗುರುತಿಸುವುದು ಕಷ್ಟ. ಸೇರಿದ ಜನ ನಕ್ಕು ಹಗುರಾದ ಮೇಲಷ್ಟೇ ಅಯೋಧ್ಯೆಯ ಒಡ್ಡೋಲಗ ತೆರೆದುಕೊಳ್ಳುತ್ತದೆ. ಕಥೆಯ ನಡುವೆಯೂ ಈ ಜೋಡಿ ಪದೇ ಪದೇ ಹಿಂತಿರುಗುತ್ತದೆ.

ಈ ಆಟವನ್ನು ಆಡಿಸುವ ಸಮುದಾಯಕ್ಕೆ ನಾಡು ಕೊಟ್ಟ ಹೆಸರು ರಾಮನದಲ್ಲ, ಈ ವಿದೂಷಕನದು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದೇ ಅವರು ಪ್ರಸಿದ್ಧರು. ಕೆಲವೆಡೆ ಕಟಬು ಎಂಬ ಹೆಸರೂ ರೂಢಿಯಲ್ಲಿದೆ. ಒಂದು ಕಲೆಯ ನೂರಾರು ಗೊಂಬೆಗಳ ಪೈಕಿ ನಗಿಸುವ ಒಂದು ಗೊಂಬೆಯ ಹೆಸರಿನಿಂದಲೇ ಇಡೀ ಸಮುದಾಯವನ್ನು ಗುರುತಿಸಿರುವುದು ಸಾಮಾನ್ಯ ಸಂಗತಿಯಲ್ಲ. ಆದರೆ ತೊಗಲುಗೊಂಬೆಯಾಟವನ್ನು ಕುರಿತ ಬರವಣಿಗೆಯ ಬಹುಭಾಗ ಗೊಂಬೆಗಳ ಚಿತ್ರಕಲೆ, ಚರ್ಮ ಹದಮಾಡುವ ವಿಧಾನ, ರಾಮಾಯಣ ಮಹಾಭಾರತದ ಪ್ರಸಂಗಗಳು ಇವುಗಳ ಸುತ್ತಲೇ ನಿಂತಿದೆ. ಹಾಸ್ಯದ ಜೋಡಿಗೆ ಅಲ್ಲಿ ದೊರೆತಿರುವುದು ಹೆಚ್ಚೆಂದರೆ ಒಂದು ಪರಿಚ್ಛೇದ. ‘ನಡುವೆ ರಂಜನೆಗಾಗಿ ಬರುವ ಪಾತ್ರಗಳು’ ಎಂಬ ವಿವರಣೆಯೊಂದಿಗೆ ವಿಷಯ ಮುಗಿದುಬಿಡುತ್ತದೆ. ಈ ಜೋಡಿಯ ಹಾಡು ರೂಪುಗೊಳ್ಳುವ ಬಗೆಯನ್ನು ನೋಡಿದರೆ ಆ ವಿವರಣೆ ಸಾಲದು ಎಂಬುದು ಸ್ಪಷ್ಟವಾಗುತ್ತದೆ.

ಕೊಪ್ಪಳ ಜಿಲ್ಲೆ ಇಂತಹ ಪರಿಶೀಲನೆಗೆ ತಕ್ಕ ನೆಲ. 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯ ಭಾಗ 1956ರ ಭಾಷಾವಾರು ಪ್ರಾಂತ ರಚನೆಯವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಕನ್ನಡದ ಜೊತೆಗೆ ಉರ್ದು, ತೆಲುಗು, ಮರಾಠಿ ಮಾತುಗಳು ಇಲ್ಲಿನ ಸಂತೆಯಲ್ಲಿ ಸಹಜವಾಗಿ ಬೆರೆತಿವೆ. ಹೊಸಪೇಟೆಯಿಂದ ಕೊಪ್ಪಳಕ್ಕೆ ಹೋಗುವ ಹೆದ್ದಾರಿಯಲ್ಲಿ ಹಿಟ್ನಾಳವಿದೆ. ಅದರ ಆಸುಪಾಸಿನಲ್ಲೇ ಮುನಿರಾಬಾದ್, ತುಂಗಭದ್ರಾ ಜಲಾಶಯ, ಹುಲಿಗೆಮ್ಮನ ಹುಲಿಗಿ ಇವೆ. ಪೂರ್ವಕ್ಕೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರಗಳಿವೆ. ರಾಮಾಯಣದ ಕಿಷ್ಕಿಂಧೆ ಇದೇ ಎಂಬುದು ಈ ಸೀಮೆಯ ಜನರ ದೃಢವಾದ ನಂಬಿಕೆ. ಹನುಮಂತ ಹುಟ್ಟಿದ ಬೆಟ್ಟವನ್ನು ದಿನವೂ ಕಾಣುವ ಪ್ರೇಕ್ಷಕನಿಗೆ ರಾಮಾಯಣ ದೂರದೂರಿನ ಕಥೆಯಲ್ಲ, ನೆರೆಯೂರಿನದು. ಆದ್ದರಿಂದಲೇ ಪುರಾಣದ ಪಾತ್ರಗಳ ಪಕ್ಕದಲ್ಲಿ ಇಂದಿನ ಕೊಪ್ಪಳದ ಮಾತನಾಡುವ ಗಂಡ ಹೆಂಡತಿ ನಿಂತರೆ ಅವನಿಗೆ ಅದು ಅಸಂಗತವೆನಿಸುವುದಿಲ್ಲ.

ಕೊಪ್ಪಳ ತಾಲ್ಲೂಕಿನ ಮೋರನಾಳ ಈ ಕಲೆಯ ಹೆಸರಾಂತ ನೆಲೆ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಅವರ ವಯಸ್ಸು ತೊಂಬತ್ತೈದನ್ನು ದಾಟಿತ್ತು. ಏಳು ದಶಕಗಳಿಗೂ ಮಿಗಿಲಾದ ಕಾಲ ಗೊಂಬೆಯಾಟದಲ್ಲಿ ತೊಡಗಿದ್ದ ಅವರು ಅಮೆರಿಕ ಹಾಗೂ ಯುರೋಪಿನ ದೇಶಗಳವರೆಗೆ ಈ ಆಟವನ್ನು ಕೊಂಡೊಯ್ದವರು. ಅವರ ಮನೆತನದ ಮುಂದಿನ ತಲೆಮಾರುಗಳೂ ಅದನ್ನು ಮುಂದುವರಿಸಿವೆ. ಈ ಸೀಮೆಯ ರೂಢಿಯಂತೆ ಅವರ ಹೆಸರಿನ ನಡುವೆ ಪತಿಯ ಹೆಸರು ಸೇರಿದೆ. ಹೆಣ್ಣಿನ ಹೆಸರಿನೊಳಗೆ ಗಂಡನ ಹೆಸರು ಕೂಡಿಕೊಂಡಿರುವುದು ಎಲ್ಲ ಸಮುದಾಯಗಳಲ್ಲೂ ಇರುವ ವಾಡಿಕೆಯೇ ಆದರೂ, ಗಂಡ ಹೆಂಡಿರ ಕೂಡುದುಡಿಮೆಯಿಂದಲೇ ನಡೆದುಬಂದ ಈ ಕಲೆಯ ಮಟ್ಟಿಗೆ ಅದು ವಿಶೇಷವಾಗಿ ಒಪ್ಪುತ್ತದೆ.

ಶಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಪ್ರಭೇದ. ಆಟದ ಮಾತು ಕನ್ನಡ. ಗಡಿಯಾಚೆ ಆಂಧ್ರದಲ್ಲಿ ನೆಲೆಸಿರುವ ಇದೇ ಮೂಲದ ಕಲಾವಿದರು ತೆಲುಗಿನಲ್ಲಿ ಆಡುತ್ತಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಇವರಿಗೆ ಪ್ರತ್ಯೇಕ ನಮೂದು ಇದೆ. ಊರಿಂದೂರಿಗೆ ತಿರುಗಿ ಚರ್ಮದ ಚಿತ್ರಗಳ ಆಟ ತೋರಿಸುವವರೆಂದು ಅಲ್ಲಿಯೂ ಇವರನ್ನು ಪರಿಚಯಿಸಲಾಗಿದೆ. ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಎಂಬ ಈ ಸ್ಥಿತಿ ಹಾಸ್ಯದ ದೃಷ್ಟಿಯಿಂದ ಮಹತ್ತ್ವದ್ದು. ಎರಡನೆಯ ಭಾಷೆಯನ್ನು ಕಿವಿಯಿಂದ ಕಲಿತವನಿಗೆ ಆ ಭಾಷೆಯ ಒಂದೊಂದು ಜಾತಿಯ, ಒಂದೊಂದು ವೃತ್ತಿಯ, ಒಂದೊಂದು ಊರಿನ ಮಾತಿನ ಧಾಟಿ ಬೇರೆಬೇರೆಯಾಗಿಯೇ ಕೇಳಿಸುತ್ತದೆ. ಅಲೆಮಾರಿ ಕಲಾವಿದನಿಗೆ ಅನುಕರಣೆಯ ಸಾಮರ್ಥ್ಯ ಬರುವುದು ಇದರಿಂದಲೇ. ಗೌಡರ ಗತ್ತು, ಶ್ಯಾನುಭೋಗರ ಸುತ್ತುಮಾತು, ಸಂತೆಯ ವ್ಯಾಪಾರಿಯ ಲೆಕ್ಕ ಇವೆಲ್ಲವೂ ಕಿಳ್ಳೇಕ್ಯಾತನ ಬಾಯಲ್ಲಿ ಹಾದುಹೋಗುತ್ತವೆ.

ಹೆಸರಿನ ಬಗೆಗೂ ಒಂದು ಮಾತು. ‘ಕ್ಯಾತ’ ಎಂಬುದು ಕನ್ನಡ ನಾಡಿನ ಹಳ್ಳಿಗಳಲ್ಲಿ ಹಳೆಯ ಹೆಸರು. ಕ್ಯಾತಪ್ಪ, ಕ್ಯಾತಯ್ಯ ಎಂಬ ರೂಪಗಳು ಈಗಲೂ ಸಿಗುತ್ತವೆ. ತೆಲುಗಿನ ತೋಲುಬೊಮ್ಮಲಾಟದಲ್ಲಿ ಬರುವ ಹಾಸ್ಯಗಾರ ಕೇತಿಗಾಡು. ಎರಡು ಹೆಸರುಗಳ ಸಾಮ್ಯ ಕಣ್ಣಿಗೆ ಹೊಡೆಯುವಂತಿದೆ. ಅಲ್ಲಿ ಜುಟ್ಟುಪೋಲಿಗಾಡು ಎಂಬ ಇನ್ನೊಬ್ಬನೂ ಇದ್ದಾನೆ. ಆದರೆ ಹೆಣ್ಣು ಮಾತ್ರ ಎರಡೂ ಕಡೆ ಒಬ್ಬಳೇ, ಬಂಗಾರಕ್ಕ. ಗಂಡಿನ ಹೆಸರು ಭಾಷೆಯಿಂದ ಭಾಷೆಗೆ ಬದಲಾದರೂ ಹೆಣ್ಣಿನ ಹೆಸರು ಗಡಿ ದಾಟಿಯೂ ಹಾಗೆಯೇ ಉಳಿದಿದೆ. ಗಂಡನನ್ನು ಊರು ಏಕವಚನದಲ್ಲಿ ಕರೆಯುತ್ತದೆ. ಅವನಿಗೆ ಅಪ್ಪ, ಅಣ್ಣ ಎಂಬ ಗೌರವದ ಸೇರ್ಪಡೆ ಇಲ್ಲ. ಹೆಂಡತಿ ಮಾತ್ರ ಊರಿಗೆಲ್ಲ ಅಕ್ಕ. ಈ ಸಣ್ಣ ವ್ಯತ್ಯಾಸ ಇಬ್ಬರ ನಡುವಿನ ಹಾಡಿನ ಸಂಬಂಧಕ್ಕೂ ಕನ್ನಡಿ ಹಿಡಿಯುತ್ತದೆ. ಬಡಾಯಿ ಅವನದು, ಕೊನೆಯ ಮಾತು ಅವಳದು.

ಗೊಂಬೆಗಳ ರಚನೆಯನ್ನು ಗಮನಿಸಿದರೆ ಹಾಸ್ಯದ ಜೋಡಿಯ ಸ್ಥಾನ ಇನ್ನಷ್ಟು ಖಚಿತವಾಗುತ್ತದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಅನೇಕವು ಒಂದೇ ತುಂಡು ಚರ್ಮದಲ್ಲಿ ಇಡೀ ದೃಶ್ಯವನ್ನು ಕೊರೆದಂಥವು. ರಥದಲ್ಲಿ ಕುಳಿತ ರಾಜ, ತೊಟ್ಟಿಲಲ್ಲಿರುವ ಶಿಶು, ವನದ ನಡುವೆ ಸೀತೆ ಹೀಗೆ ಅವು ಚಲಿಸುವ ಚಿತ್ರಪಟಗಳೇ ಹೊರತು ಅಂಗಾಂಗ ಆಡಿಸುವ ಗೊಂಬೆಗಳಲ್ಲ. ಬಳ್ಳಾರಿ ಮತ್ತು ಆಂಧ್ರದ ಗಡಿಯತ್ತ ಸಾಗಿದಂತೆ ಗೊಂಬೆಗಳ ಗಾತ್ರ ದೊಡ್ಡದಾಗುತ್ತದೆ, ಕೀಲುಗಳೂ ಹೆಚ್ಚುತ್ತವೆ. ದೊಡ್ಡದಿರಲಿ, ಚಿಕ್ಕದಿರಲಿ, ದೇವತೆಗಳಿಗೂ ರಾಜರಿಗೂ ಗಾಂಭೀರ್ಯವೇ ಲಕ್ಷಣ. ಅವರು ಬರುತ್ತಾರೆ, ನಿಲ್ಲುತ್ತಾರೆ, ಹೋಗುತ್ತಾರೆ. ಕಿಳ್ಳೇಕ್ಯಾತನಿಗಾದರೋ ಕೈಕಾಲು, ಸೊಂಟ, ತಲೆ ಎಲ್ಲಕ್ಕೂ ಚಲನೆ ಬೇಕು. ಅವನು ಕುಣಿಯಬೇಕು, ಬೀಳಬೇಕು, ಹೆಂಡತಿಯ ಏಟು ತಪ್ಪಿಸಿಕೊಳ್ಳಬೇಕು. ತಾಳಕ್ಕೆ ತಕ್ಕಂತೆ ಮೈ ಮುರಿಯುವ ಈ ಗೊಂಬೆಗೆ ಆಲಾಪದ ಹಾಡು ಹೊಂದುವುದಿಲ್ಲ. ಚಿಕ್ಕ ಚಿಕ್ಕ ಸಾಲಿನ, ಬೇಗ ಬೇಗ ತಿರುಗುವ, ಪಲ್ಲವಿಗೆ ಪದೇ ಪದೇ ಹಿಂತಿರುಗುವ ಹಾಡೇ ಬೇಕು. ಹಾಸ್ಯಗೀತೆಯ ಛಂದಸ್ಸು ಗೊಂಬೆಯ ಕೀಲಿನಲ್ಲೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು.

ಇನ್ನು ಪರದೆಯ ಹಿಂದೆ ನಡೆಯುವುದೇನು? ನಾಲ್ಕು ಗಳುಗಳ ಚೌಕಟ್ಟು, ಮುಂದೆ ಬಿಳಿಯ ಬಟ್ಟೆ, ಸುತ್ತ ಕಂಬಳಿ, ಒಳಗೆ ಬೆಳಕು. ಹಿಂದೆ ಎಣ್ಣೆಯ ದೀಪವಿತ್ತು, ಬಳಿಕ ವಿದ್ಯುದ್ದೀಪ ಬಂದಿತು. ಎಣ್ಣೆಯ ದೀಪದ ಕುಡಿ ಅಲುಗಿದಾಗ ಗೊಂಬೆಯ ನೆರಳೂ ಉಸಿರಾಡಿದಂತೆ ತೋರುತ್ತಿತ್ತು. ಬಲ್ಬಿನ ಬೆಳಕು ಸ್ಥಿರವಾದರೂ ಆ ಜೀವ ಅದಕ್ಕಿಲ್ಲ. ಗೊಂಬೆ ಆಡಿಸುವವರು ಕುಟುಂಬದವರೇ, ಹಾಡುವವರೂ ಅವರೇ. ಪೇಟಿ, ಮದ್ದಳೆ, ತಾಳ, ಗೆಜ್ಜೆಗಳ ಹಿಮ್ಮೇಳವೂ ಮನೆಮಂದಿಯದೇ. ಗಂಡುಪಾತ್ರಗಳ ಮಾತನ್ನು ಗಂಡಸು, ಹೆಣ್ಣುಪಾತ್ರಗಳ ಮಾತನ್ನು ಹೆಂಗಸು ನುಡಿಯುವುದು ಈ ಪರಂಪರೆಯ ಸಾಮಾನ್ಯ ಕ್ರಮ. ಆದ್ದರಿಂದ ಕಿಳ್ಳೇಕ್ಯಾತ ಬಂಗಾರಕ್ಕರ ಜಗಳವನ್ನು ಹಾಡುವವರು ಬಹಳಷ್ಟು ಸಲ ನಿಜಜೀವನದಲ್ಲೂ ದಂಪತಿಗಳೇ ಆಗಿರುತ್ತಾರೆ. ಇಡೀ ದಿನ ಒಟ್ಟಿಗೆ ದಾರಿ ನಡೆದು, ಒಲೆ ಹೂಡಿ, ಮಕ್ಕಳನ್ನು ಮಲಗಿಸಿ ಬಂದ ಗಂಡ ಹೆಂಡಿರು ರಾತ್ರಿ ಪರದೆಯ ಹಿಂದೆ ಕುಳಿತು ಇನ್ನೊಂದು ಗಂಡ ಹೆಂಡಿರ ದನಿಯಾಗುತ್ತಾರೆ.

ಜಗತ್ತಿನ ನೆರಳುಗೊಂಬೆಯಾಟಗಳ ನಡುವೆ ಇಟ್ಟು ನೋಡಿದಾಗ ಈ ಅಂಶದ ವಿಶೇಷ ತಿಳಿಯುತ್ತದೆ. ತುರ್ಕಿಯ ನೆರಳಾಟದ ಜೀವಾಳ ಕರಗೋಜ್ ಮತ್ತು ಹಾಜಿವಾತ್ ಎಂಬ ಇಬ್ಬರು ಹಾಸ್ಯಗಾರರು. ಒಬ್ಬ ಓದುಬರಹ ಬಲ್ಲವನಂತೆ ಮಾತನಾಡಿದರೆ ಇನ್ನೊಬ್ಬ ಅದನ್ನು ತಪ್ಪಾಗಿ ಕೇಳಿಸಿಕೊಂಡು ಒರಟಾಗಿ ಉತ್ತರಿಸುತ್ತಾನೆ. 2009ರಲ್ಲಿ ಯುನೆಸ್ಕೊ ಆ ಆಟವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಎಲ್ಲ ದನಿಗಳೂ ಒಬ್ಬನೇ ಕಲಾವಿದನ ಕಂಠದಿಂದ ಹೊರಡುತ್ತವೆ. ಜಾವಾದ ವಾಯಾಂಗ್‌ನಲ್ಲಿ ಸೇಮಾರ್ ಮತ್ತು ಅವನ ಮಕ್ಕಳು ನಡುರಾತ್ರಿ ಬಂದು ನಗಿಸುತ್ತಾರೆ. ಅವರೆಲ್ಲರನ್ನೂ ನುಡಿಸುವವನು ದಲಾಂಗ್ ಒಬ್ಬನೇ. ತಮಿಳುನಾಡಿನ ತೋಲ್‌ಪಾವೈಕೂತ್ತಿನಲ್ಲಿ ಉಚ್ಚಿಕ್ಕುಡುಂಬನ್, ಉಳುವತ್ತಲೈಯನ್ ಎಂಬ ಜೋಡಿ ಇದೆ. ಅದು ಇಬ್ಬರು ಗಂಡಸರ ಜೋಡಿ. ಅಲ್ಲಿಯೂ ಬಹುಮಟ್ಟಿಗೆ ಒಬ್ಬನೇ ದನಿ ಬದಲಿಸಿ ಎಲ್ಲರ ಮಾತನ್ನೂ ಆಡುತ್ತಾನೆ. ಒಬ್ಬನೇ ಎರಡು ದನಿ ತೆಗೆಯುವುದು ಅಸಾಧಾರಣ ಪ್ರತಿಭೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬನಿಗೆ ತನ್ನ ಮುಂದಿನ ಮಾತು ಮೊದಲೇ ಗೊತ್ತಿರುತ್ತದೆ. ಎರಡು ಕಂಠಗಳು ಎದುರಾದಾಗ ಒಬ್ಬರು ಏನು ಹೇಳುವರೆಂಬುದು ಇನ್ನೊಬ್ಬರಿಗೆ ಪೂರ್ಣ ತಿಳಿದಿರುವುದಿಲ್ಲ. ಕರ್ನಾಟಕ ಮತ್ತು ಆಂಧ್ರದ ಹಾಸ್ಯದ ಜೋಡಿಗೆ ಸಲ್ಲುವ ತಾಜಾತನ ಈ ಅನಿಶ್ಚಿತತೆಯಿಂದ ಬಂದದ್ದು.

ಸಂಸ್ಕೃತ ನಾಟಕದ ವಿದೂಷಕನನ್ನು ಕಿಳ್ಳೇಕ್ಯಾತನ ಪೂರ್ವಜನೆಂದು ಹೇಳುವುದು ವಿದ್ವತ್ ವಲಯದಲ್ಲಿ ವಾಡಿಕೆಯಾಗಿದೆ. ತಿಂಡಿಪೋತತನ, ವಿಕಾರ ರೂಪ, ದೊಡ್ಡವರನ್ನು ಹಗುರಮಾಡುವ ಮಾತು ಇವುಗಳಲ್ಲಿ ಸಾಮ್ಯವಿರುವುದು ನಿಜ. ಆದರೆ ವಿದೂಷಕ ರಾಜನ ಗೆಳೆಯ. ಅವನ ಎದುರು ನಿಂತು ಹಾಡುವ ಹೆಣ್ಣು ಆ ನಾಟಕಗಳಲ್ಲಿ ಇಲ್ಲ. ಹೋಲಿಕೆ ಬೇಕಿದ್ದರೆ ಪ್ರಸ್ತಾವನೆಯ ಸೂತ್ರಧಾರ ಮತ್ತು ನಟಿಯರ ಕಡೆ ನೋಡುವುದು ಹೆಚ್ಚು ಯುಕ್ತ. ಕಾಳಿದಾಸನ ಶಾಕುಂತಲದ ಆರಂಭದಲ್ಲಿ ನಟಿ ಋತುಗೀತೆ ಹಾಡಿ ಸಭೆಯನ್ನು ಮರುಳುಮಾಡುತ್ತಾಳೆ, ಸೂತ್ರಧಾರ ಆಡಬೇಕಾದ ನಾಟಕವನ್ನೇ ಮರೆಯುತ್ತಾನೆ, ಅವಳು ನೆನಪಿಸುತ್ತಾಳೆ. ಗಂಡು ಮರೆಯುವುದು, ಹೆಣ್ಣು ತಿದ್ದುವುದು ಎಂಬ ಈ ವಿನ್ಯಾಸ ಬಂಗಾರಕ್ಕನಿಗೆ ಚೆನ್ನಾಗಿ ಗೊತ್ತು. ಇದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಹೊರಡುವುದು ಅನಗತ್ಯ. ಆಟ ಕಟ್ಟುವವರಿಗೆ ಕಥೆಗೂ ಸಭೆಗೂ ನಡುವೆ ಒಂದು ಸೇತುವೆ ಬೇಕಾಗುತ್ತದೆ. ಹಾಡುವ ದಂಪತಿ ಆ ಸೇತುವೆಯ ಹಳೆಯ ರೂಪ.

ಈ ಜೋಡಿಯ ಹಾಡು ‘ರಚನೆ’ಯಾಗುವ ಕ್ರಮ ಲಿಖಿತ ಸಾಹಿತ್ಯದ ಕ್ರಮದಿಂದ ಭಿನ್ನ. ಅದಕ್ಕೆ ಹಸ್ತಪ್ರತಿ ಇಲ್ಲ, ಅಂಕಿತವೂ ಇಲ್ಲ. ಸ್ಥಿರವಾಗಿರುವುದು ಮಟ್ಟು ಮತ್ತು ಪಲ್ಲವಿ. ಹಿಮ್ಮೇಳದವರು ಎತ್ತಿಕೊಳ್ಳಬೇಕಾದ ಕಾರಣ ಇವು ಬದಲಾಗುವಂತಿಲ್ಲ. ಚರಣಗಳು ಸಡಿಲ. ಊರಿಗೆ ತಕ್ಕಂತೆ ಹೆಸರು, ಕಾಲಕ್ಕೆ ತಕ್ಕಂತೆ ಬೆಲೆ, ಬೆಳೆಗೆ ತಕ್ಕಂತೆ ಬಯಕೆ ಅಲ್ಲಿ ಸೇರುತ್ತವೆ. ಗಂಡ ಒಂದು ಸಾಲು ಎಸೆಯುತ್ತಾನೆ. ಅದರ ಕೊನೆಯ ಪದವನ್ನು ಹಿಡಿದು ಹೆಂಡತಿ ಅದಕ್ಕೆ ಇನ್ನೊಂದು ಅರ್ಥ ಹಚ್ಚುತ್ತಾಳೆ. ಪ್ರಾಸ ಕೂಡದಿದ್ದರೆ ನಗು ಹುಟ್ಟುವುದಿಲ್ಲ, ಕೂಡಲು ತಡವಾದರೆ ತಾಳ ತಪ್ಪುತ್ತದೆ. ಆ ಕ್ಷಣದಲ್ಲಿ ಮದ್ದಳೆಯವನು ಒಂದು ಸುತ್ತು ಹೆಚ್ಚು ನುಡಿಸಿ ಸಮಯ ಕೊಡುತ್ತಾನೆ. ಹಾಗೆ ಕೂಡಿಬಂದ ಸಾಲು ಜನರಿಗೆ ಹಿಡಿಸಿದರೆ ಮರುದಿನದ ಊರಿನಲ್ಲೂ ಬರುತ್ತದೆ, ಹಿಡಿಸದಿದ್ದರೆ ಅಲ್ಲಿಗೇ ಬಿದ್ದುಹೋಗುತ್ತದೆ. ಹೀಗೆ ಹಲವು ವರ್ಷಗಳ ಮೇಲೆ ಒಂದು ದಂಪತಿಯ ಬಾಯಲ್ಲಿ ಹಾಡೊಂದು ಗಟ್ಟಿಯಾಗುತ್ತದೆ. ಅದನ್ನು ಬರೆದವರು ಯಾರೆಂದು ಕೇಳಿದರೆ ಗಂಡನ ಹೆಸರನ್ನಷ್ಟೇ ಹೇಳಲಾಗದು, ಹೆಂಡತಿಯ ಹೆಸರನ್ನಷ್ಟೇ ಹೇಳುವುದೂ ತಪ್ಪಾಗುತ್ತದೆ. ಪ್ರಶ್ನೆಯನ್ನು ಒಬ್ಬರು, ಉತ್ತರವನ್ನು ಒಬ್ಬರು ಕಟ್ಟಿದ್ದಾರೆ. ನಗು ಇರುವುದು ಅವೆರಡರ ನಡುವಿನ ಸಂದಿನಲ್ಲಿ.

ವಸ್ತು ಬಹುಮಟ್ಟಿಗೆ ಮನೆವಾರ್ತೆಯದು. ಹೊಟ್ಟೆಪಾಡು, ಕುಡಿತ, ಸೋಮಾರಿತನ, ಸೀರೆ ಒಡವೆಯ ಬೇಡಿಕೆ, ಪರಸ್ಪರ ರೂಪನಿಂದೆ. ಲೈಂಗಿಕ ವ್ಯಂಗ್ಯವೂ ಇಲ್ಲಿ ಧಾರಾಳ. ಕಿಳ್ಳೇಕ್ಯಾತನ ಗೊಂಬೆಯ ಅಂಗರಚನೆಯಲ್ಲೇ ಅದು ಕೆಲವೊಮ್ಮೆ ಎದ್ದು ಕಾಣುತ್ತದೆ. ಇದನ್ನು ಅಶ್ಲೀಲವೆಂದು ಪಕ್ಕಕ್ಕಿಟ್ಟು ಬರೆದವರುಂಟು, ಮುಜುಗರದಿಂದ ಮೌನ ವಹಿಸಿದವರೂ ಉಂಟು. ಆದರೆ ಮಳೆ ಬಾರದಿದ್ದಾಗ ಹಳ್ಳಿಯವರು ಹರಕೆಯಾಗಿ ಗೊಂಬೆಯಾಟ ಆಡಿಸುವ ಪದ್ಧತಿ ಕರ್ನಾಟಕದ ಅನೇಕ ಕಡೆ ಇತ್ತು ಎಂಬುದನ್ನು ನೆನೆಯಬೇಕು. ಮಳೆ, ಬೆಳೆ, ಸಂತಾನ ಇವುಗಳ ಪ್ರಾರ್ಥನೆಯ ರಾತ್ರಿಯಲ್ಲಿ ಗಂಡುಹೆಣ್ಣಿನ ಕೂಟವನ್ನು ಕುರಿತ ಮುಕ್ತ ನಗೆಗೆ ಸ್ಥಾನವಿಲ್ಲದಿರುವುದೇ ವಿಚಿತ್ರವಾಗುತ್ತಿತ್ತು. ಒಣಬೇಸಾಯದ ಕುಷ್ಟಗಿ, ಯಲಬುರ್ಗಾಗಳಂಥ ಸೀಮೆಯಲ್ಲಿ ಮಳೆಯ ಮಾತು ಬರಿಯ ಮಾತಲ್ಲ. ಅದೇ ಗೊಂಬೆಗಳು ಹಳತಾಗಿ ಹರಿದಾಗ ಎಸೆಯದೆ, ಹೊಳೆಯ ನೀರಿಗೆ ಬಿಟ್ಟು ವಿಸರ್ಜಿಸುವ ವಾಡಿಕೆಯೂ ಈ ಸಮುದಾಯದಲ್ಲಿದೆ. ಪೋಲಿ ಹಾಡು ಹಾಡುವ ಗೊಂಬೆಯೂ ಪೂಜೆಯ ವಲಯದೊಳಗಿನದೇ.

ಹಾಸ್ಯದ ಜೋಡಿಗೆ ಇನ್ನೂ ಕೆಲವು ಕೆಲಸಗಳಿವೆ. ರಾತ್ರಿಯ ಆಟದಲ್ಲಿ ಗೊಂಬೆ ಬದಲಿಸಲು, ದೀಪ ಸರಿಮಾಡಲು ಬಿಡುವು ಬೇಕು. ಆ ಬಿಡುವನ್ನು ಅವರು ತುಂಬುತ್ತಾರೆ. ತೂಕಡಿಸುವವರನ್ನು ಎಬ್ಬಿಸುತ್ತಾರೆ. ದವಸಧಾನ್ಯ, ಹಣ ಕೊಟ್ಟವರ ಹೆಸರು ಕೂಗಿ ಹೊಗಳುವುದೂ, ಕೊಡದವರನ್ನು ಹೆಸರೆತ್ತದೆ ಚುಚ್ಚುವುದೂ ಅವರ ಪಾಲಿನದೇ. ಇವಕ್ಕಿಂತ ಮುಖ್ಯವಾದದ್ದು ವ್ಯಾಖ್ಯಾನದ ಕೆಲಸ. ಒಡ್ಡೋಲಗದ ಗ್ರಾಂಥಿಕ ಮಾತನ್ನು ಕಿಳ್ಳೇಕ್ಯಾತ ಆಡುಮಾತಿಗೆ ಇಳಿಸುತ್ತಾನೆ, ಬಂಗಾರಕ್ಕ ಅದಕ್ಕೆ ಹೆಣ್ಣಿನ ಕಡೆಯ ಪ್ರಶ್ನೆ ಸೇರಿಸುತ್ತಾಳೆ. ರಾಜರ ಮನೆಯ ಸಮಸ್ಯೆ ಕೂಲಿಯವನ ಮನೆಯ ಸಮಸ್ಯೆಯಾಗಿ ಒಂದು ಕ್ಷಣ ಕಾಣುತ್ತದೆ. ನಗೆಯ ಹೊದಿಕೆ ಇಲ್ಲದಿದ್ದರೆ ಪೂಜ್ಯ ಕಥೆಯೊಂದರ ಬಗೆಗೆ ಅಂತಹ ಪ್ರಶ್ನೆ ಕೇಳಲು ಅಲೆಮಾರಿ ಕಲಾವಿದನಿಗೆ ಊರು ಅವಕಾಶ ಕೊಡುತ್ತಿರಲಿಲ್ಲ.

ಈ ಜೋಡಿಯ ನೆರಳು ಬೇರೆ ರಂಗಪ್ರಕಾರಗಳ ಮೇಲೂ ಬಿದ್ದಿರುವಂತಿದೆ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳ ಸಾಮಾಜಿಕ ನಾಟಕಗಳಲ್ಲಿ ಮುಖ್ಯಕಥೆಗೆ ಸಮಾನಾಂತರವಾಗಿ ಒಂದು ಹಾಸ್ಯದ ಗಂಡು ಹೆಣ್ಣಿನ ಜೋಡಿ ಇರುವುದು, ಅವರಿಗೊಂದು ಯುಗಳಗೀತೆ ಇರುವುದು ಕಡ್ಡಾಯವೆಂಬಷ್ಟು ಸ್ಥಿರವಾದ ಪದ್ಧತಿ. ಕಂಪನಿಯ ಹಾಸ್ಯಕ್ಕೆ ಪಾರ್ಸಿ ರಂಗಭೂಮಿಯ ಪ್ರಭಾವವನ್ನು ಹೇಳುವುದು ಸರಿಯೇ; ಆದರೆ ಜಾತ್ರೆಯಲ್ಲಿ ಡೇರೆ ಹಾಕಿದ ಕಂಪನಿಯ ಪ್ರೇಕ್ಷಕರು ಬಂಗಾರಕ್ಕನನ್ನು ಕಂಡು ಬೆಳೆದವರು ಎಂಬುದನ್ನೂ ಮರೆಯುವಂತಿಲ್ಲ.

ಈಗ ಈ ಕಲೆಯನ್ನು ಉಳಿಸುವ ಪ್ರಯತ್ನಗಳ ಕಡೆಗೆ ನೋಡಬೇಕು. ಎಂ. ಎಸ್. ನಂಜುಂಡರಾಯರು ನಾಡಿನ ಮೂಲೆಮೂಲೆಗಳಿಂದ ಸಂಗ್ರಹಿಸಿದ ತೊಗಲುಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಸುರಕ್ಷಿತವಾಗಿವೆ. ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲೂ ಸಂಗ್ರಹವಿದೆ. ಎಸ್. ಎ. ಕೃಷ್ಣಯ್ಯನವರು ಕರ್ನಾಟಕದ ಗೊಂಬೆಯಾಟಗಳ ಸಮಗ್ರ ಪರಿಚಯವನ್ನು 1988ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯಿಂದ ಬಂದು ಸ್ವಾತಂತ್ರ್ಯ ಹೋರಾಟ, ಗಾಂಧೀಜಿ ಮುಂತಾದ ಹೊಸ ವಸ್ತುಗಳನ್ನು ತೊಗಲುಗೊಂಬೆಗೆ ತಂದರು. 2023ರಲ್ಲಿ ಅವರು ನಿಧನರಾದರು. ಇವೆಲ್ಲ ಬೆಲೆಯುಳ್ಳ ಕೆಲಸಗಳು. ಇವು ಇಲ್ಲದಿದ್ದರೆ ಇಂದು ಚರ್ಚಿಸಲು ಸಾಮಗ್ರಿಯೇ ಇರುತ್ತಿರಲಿಲ್ಲ. ಆದರೆ ಚರ್ಮವನ್ನು ಗಾಜಿನ ಹಿಂದೆ ಇಡಬಹುದು, ಪ್ರಸಂಗವನ್ನು ಪುಸ್ತಕದಲ್ಲಿ ಇಡಬಹುದು. ಒಂದು ದಂಪತಿಯ ನಡುವಿನ ಹಾಡನ್ನು ಇಡಲು ಈ ಎರಡೂ ಸ್ಥಳಗಳಲ್ಲಿ ಜಾಗವಿಲ್ಲ. ಸಂಗ್ರಹಾಲಯದಲ್ಲಿ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎರಡು ಬೇರೆಬೇರೆ ಸಂಖ್ಯೆಯ ವಸ್ತುಗಳು.

ಪ್ರದರ್ಶನದ ಹೊಸ ಸನ್ನಿವೇಶವೂ ಹಾಸ್ಯದ ಜೋಡಿಗೆ ಅನುಕೂಲವಾಗಿಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಉತ್ಸವಗಳ ವೇದಿಕೆಯಲ್ಲಿ ಒಂದು ಗಂಟೆಗೆ, ಕೆಲವೊಮ್ಮೆ ಅರ್ಧ ಗಂಟೆಗೆ ಇಳಿದಿದೆ. ಸಮಯ ಕಡಿಮೆಯಾದಾಗ ಕತ್ತರಿ ಬೀಳುವುದು ಸೀತಾಪಹರಣಕ್ಕಲ್ಲ, ಗಂಡ ಹೆಂಡಿರ ಜಗಳಕ್ಕೆ. ಗಣ್ಯರು ಕುಳಿತ ಸಭೆಯಲ್ಲಿ ಪೋಲಿಮಾತು ಬೇಡವೆಂದು ಕಲಾವಿದರೇ ಮುಂಜಾಗ್ರತೆ ವಹಿಸುವುದೂ ಉಂಟು. ಇನ್ನೊಂದು ಕಡೆ, ಕುಟುಂಬಯೋಜನೆ, ಸಾಕ್ಷರತೆ, ಆರೋಗ್ಯದ ಪ್ರಚಾರಕ್ಕೆ ತೊಗಲುಗೊಂಬೆಯನ್ನು ಬಳಸಿಕೊಂಡಾಗ ಇದೇ ಜೋಡಿಗೆ ಮುಖ್ಯಪಾತ್ರ ಸಿಕ್ಕಿತು. ಮಕ್ಕಳು ಸಾಕು ಎಂದು ಹೇಳಲು ರಾಮಸೀತೆಯರನ್ನು ಕರೆತರಲಾಗದು; ಕಿಳ್ಳೇಕ್ಯಾತ ಬಂಗಾರಕ್ಕರೇ ಬೇಕು. ಆದರೆ ಅಲ್ಲಿ ಹಾಡು ಕಚೇರಿಯಿಂದ ಬರೆದು ಬರುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸಂದು ಮೊದಲೇ ಮುಚ್ಚಿಹೋಗಿರುತ್ತದೆ. ಪಾತ್ರ ಉಳಿಯಿತು, ಜೋಡಿ ಹೋಯಿತು ಎಂಬಂತಾಯಿತು.

ಧ್ವನಿಮುದ್ರಣಗಳಲ್ಲಿಯೂ ಇದೇ ಕೊರತೆ ಕಾಣುತ್ತದೆ. ಮುಖ್ಯ ಭಾಗವತನ ಹೆಸರನ್ನು, ತಂಡದ ಯಜಮಾನನ ಹೆಸರನ್ನು ನಮೂದಿಸುವುದು ರೂಢಿ. ಬಂಗಾರಕ್ಕನ ದನಿ ಯಾರದು ಎಂಬುದು ‘ಸಂಗಡಿಗರು’ ಎಂಬ ಒಂದೇ ಪದದಲ್ಲಿ ಕರಗಿಹೋಗುತ್ತದೆ. ಕೊಪ್ಪಳದ ಮಟ್ಟಿಗೆ ಪದ್ಮಶ್ರೀ ಗೌರವ ಒಬ್ಬ ಮಹಿಳೆಗೆ ಸಂದದ್ದು ಈ ಹಳೆಯ ಪಕ್ಷಪಾತವನ್ನು ತಿದ್ದಿದೆ. ಪರದೆಯ ಹಿಂದಿನ ಹೆಣ್ಣುದನಿ ಕೇವಲ ಹಿಮ್ಮೇಳವಲ್ಲವೆಂದು ನಾಡು ಅಧಿಕೃತವಾಗಿ ಒಪ್ಪಿದಂತಾಯಿತು. ಪ್ರಶಸ್ತಿಗಳ ಸ್ವಭಾವವೇ ಒಬ್ಬರನ್ನು ಆರಿಸುವುದು. ಆ ಬಗೆಗೆ ದೂರುವಂತಿಲ್ಲ. ದಾಖಲೆಗಾದರೋ ಅಂತಹ ನಿರ್ಬಂಧವಿಲ್ಲ.

ಹಿಟ್ನಾಳ, ಮೋರನಾಳ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮುಂದೆ ಕ್ಷೇತ್ರಕಾರ್ಯ ಕೈಗೊಳ್ಳುವವರು ಹಾಸ್ಯಭಾಗವನ್ನು ಪ್ರತ್ಯೇಕವಾಗಿ, ಎರಡು ಧ್ವನಿಗ್ರಾಹಕಗಳಲ್ಲಿ ಮುದ್ರಿಸಿಕೊಳ್ಳುವುದು ಅಗತ್ಯ. ಒಂದು ಪರದೆಯ ಹಿಂದೆ ಇರಬೇಕು, ಇನ್ನೊಂದು ಪ್ರೇಕ್ಷಕರ ನಡುವೆ. ಯಾವ ಸಾಲನ್ನು ಯಾರು ಎತ್ತಿದರು, ಯಾರು ಮುಗಿಸಿದರು, ಎಲ್ಲಿ ಮದ್ದಳೆ ಕಾಯಿತು, ಎಲ್ಲಿ ಜನ ನಕ್ಕರು ಎಂಬುದನ್ನು ಸಾಲುಸಾಲಾಗಿ ಗುರುತಿಸಬೇಕು. ಒಂದೇ ಹಾಡನ್ನು ಒಂದೇ ದಂಪತಿಯಿಂದ ಮೂರು ಊರುಗಳಲ್ಲಿ ಕೇಳಬೇಕು. ಬದಲಾದ ಚರಣಗಳೇ ರಚನೆಯ ಗುಟ್ಟನ್ನು ಹೇಳುತ್ತವೆ. ಜೋಡಿಯಲ್ಲಿ ಒಬ್ಬರು ಇಲ್ಲವಾದಾಗ ಹಾಡು ಏನಾಗುತ್ತದೆ ಎಂಬುದನ್ನೂ ಕೇಳಬೇಕು. ಹೆಣ್ಣುದನಿ ಸಿಗದ ತಂಡ ಗಂಡಸಿನ ಕೀರಲು ದನಿಯಲ್ಲಿ ಬಂಗಾರಕ್ಕನನ್ನು ನಡೆಸಬೇಕಾಗುತ್ತದೆ. ಆಗಲೂ ಗೊಂಬೆ ಕುಣಿಯುತ್ತದೆ, ಜನ ನಗುತ್ತಾರೆ. ಆದರೆ ಅವಳು ಆಗ ಗಂಡ ಕೇಳಬಯಸಿದ ಉತ್ತರವನ್ನೇ ಕೊಡುತ್ತಾಳೆ.